ಬಲೆ ತೊಳೆದುಹೋದ ದಿನ

ಆರು ವರ್ಷ ನಾನು ಮಾಧವಿಯವರ ಹತ್ತಿರ ದುಡಿದೆ. ಬಟ್ಟೆಯ ವಿನ್ಯಾಸ ನನ್ನದು, ಕತ್ತಿನ ಹಿಂದೆ ಹೊಲಿದ ಹೆಸರು ಅವರದು. ಬಿಟ್ಟು ಹೊರಟ ದಿನ, "ನಿನ್ನ ಹತ್ರ ಕೈ ಇದೆ ವೃಂದಾ, ತಲೆ ಇಲ್ಲ. ತಲೆ ನಂದು," ಎಂದರು. ನಗುನಗುತ್ತಲೇ ಅಂದರು. ನಗುತ್ತ ಅಂದದ್ದಕ್ಕೇ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅದಕ್ಕೇ ಎಗ್ಮೋರಿನ ಹೋಟೆಲಿನಲ್ಲಿ ಆ ಶನಿವಾರ ಸಂಜೆಯ ಡಿಜೆ ಕಾರ್ಯಕ್ರಮ ನನಗೆ ಬರೀ ಕುಣಿತದ ಪಾರ್ಟಿಯಾಗಿರಲಿಲ್ಲ. ಏರ್ಪಾಡು ಇಷ್ಟು: ಡಿಜೆ ಎಲೆಕ್ಟ್ರಾನಿಕ್ ಸಂಗೀತ ಹಾಕುತ್ತಾನೆ. ನನ್ನ ಗೆಳೆಯ ಮಿಥುನ್, ವಾರವೆಲ್ಲ ಆಫೀಸಿನಲ್ಲಿ ಕೂತು ಸವೆಯುವ ಮೈಸೂರಿನವನು, ಹಿಂದಿನ ದೊಡ್ಡ ಪರದೆಯ ಮೇಲೆ ಆ ತಾಳಕ್ಕೆ ತಕ್ಕಂತೆ ಸ್ಥಳದಲ್ಲೇ ಚಿತ್ರ ಓಡಿಸುತ್ತಾನೆ. ನಡುವೆ ನನ್ನ ಎಂಟು ಉಡುಪು ತೊಟ್ಟ ಎಂಟು ಹುಡುಗಿಯರು ನಡೆದು ಬರುತ್ತಾರೆ. ಪರದೆಯ ಮೇಲೆ ಮೊದಲ ಸಲ ನನ್ನ ಹೆಸರು. ಮಾಧವಿಯವರನ್ನು ಮುಂದಿನ ಸಾಲಿಗೆ ನಾನೇ ಕರೆದಿದ್ದೆ. ತಲೆ ಯಾರದೆಂದು ಬಂದು ನೋಡಲಿ.

ಬೆಳಗಾಗುವ ಮುಂಚೆ ಕಾಸಿಮೇಡಿನ ಮೀನು ಬಂದರಿಗೆ ಹೋಗಿ, ಮೀನುಗಾರರು ಬಲೆ ಹೆಣೆದು ಸರಿಮಾಡುವುದನ್ನು ನೋಡಿ ನೋಡಿ ಗಂಟು ಗಂಟಾಗಿ ಬರೆದುಕೊಂಡಿದ್ದೆ. ಆ ಬಲೆಯನ್ನೇ ಬಿಳುಪು ಮಾಡದ ಕೋರಾ ಹತ್ತಿಬಟ್ಟೆಯ ಮೇಲೆ ಬಿಡಿಸಿದೆ, ಮಾಮೂಲಿ ಬೆಳಕಿನಲ್ಲಿ ಕಾಣದ ಒಂದು ಬಣ್ಣದಲ್ಲಿ. ಸಭಾಂಗಣದ ದೀಪ ಆರಿಸಿ ನೇರಳೆ ದೀಪ ಹಾಕಿದರೆ ಮಾತ್ರ ಅದು ಹಸಿರಾಗಿ ಹೊಳೆಯುತ್ತದೆ. ಪರದೆಯ ಮೇಲೆ ಮಿಥುನನ ಸಮುದ್ರ, ಹುಡುಗಿಯರ ಮೈಮೇಲೆ ನನ್ನ ಬಲೆ. ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿಲ್ಲ.

ಆ ಬಣ್ಣ ಪೂರ್ತಿ ಒಣಗಿ, ಮೇಲೆ ಬಿಸಿ ಇಸ್ತ್ರಿ ಹಾಯ್ದಮೇಲೆಯೇ ಬಟ್ಟೆಯನ್ನು ಹಿಡಿಯುವುದು. ನಮ್ಮ ಫ್ಲ್ಯಾಟಿನಲ್ಲಿ ಗಾಳಿಯಾಡುವ ಜಾಗ ಎಂದರೆ ಬಚ್ಚಲಿಗೆ ಹೋಗುವ ಓಣಿ. ಅಲ್ಲೇ ಕಂಬಿ ಕಟ್ಟಿ ಎಂಟನ್ನೂ ತೂಗುಹಾಕಿ, "ಯಾರೂ ಮುಟ್ಟಬೇಡಿ," ಎಂದು ಹೇಳಿ ಬೆಳಗ್ಗೆಯೇ ಹೋಟೆಲಿಗೆ ಓಡಿದೆ. ನಮ್ಮದು ಮಡಿಯ ಮನೆ. ಮುಟ್ಟಬೇಡ ಎಂಬ ಮಾತಿಗೆ ಅಲ್ಲಿ ಬರವಿಲ್ಲ. ಹೇಳಿದ್ದು ಸಾಕು ಅಂದುಕೊಂಡೆ.

ಮಧ್ಯಾಹ್ನ ಮೂರು ದಾಟಿದ ಮೇಲೆ ತಮ್ಮ ಸತ್ಯಾತ್ಮ ಬಟ್ಟೆಗಳನ್ನು ಕಾರಿನಲ್ಲಿ ತಂದಿಳಿಸಿ ಹೋದ. ನಾನು ದೀಪದವರ ಜೊತೆ ಜಗಳದಲ್ಲಿದ್ದೆ. ಹುಡುಗಿಯರು ತಾವೇ ತೊಟ್ಟುಕೊಂಡು ಬಂದು ಸಾಲಾಗಿ ನಿಂತರು. "ಟೆಸ್ಟ್ ಮಾಡೋಣ," ಎಂದ ಮಿಥುನ್. ಕತ್ತಲಾಯಿತು. ನೇರಳೆ ದೀಪ ಹತ್ತಿತು.

ಎಂಟು ಟ್ಯೂಬ್‌ಲೈಟು ನಿಂತಂತೆ ಎಂಟು ಹುಡುಗಿಯರೂ ಬೆಳ್ಳಗೆ ಉರಿಯುತ್ತಿದ್ದರು. ಬಲೆ ಎಲ್ಲೂ ಇರಲಿಲ್ಲ. ಹತ್ತಿರ ಹೋಗಿ ಒಬ್ಬಳ ತೋಳು ಹಿಡಿದೆ. ಬಟ್ಟೆ ಗರಿಗರಿ ಎಂದಿತು. ಗಂಜಿ!

ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾ, ಬಟ್ಟೆಗೆ ಏನ್ ಮಾಡಿದೆ?"

"ಕೀಲ್ಪಾಕ್ ವಿನೋದಾ ಮಾಮಿ ಹೋಗ್ಬಿಟ್ಟಳು ಕಣ್ಣಾ. ಮುಖ ನೋಡ್ಬಿಟ್ಟು ಬಂದೆ. ಸ್ನಾನಕ್ಕೆ ಹೋಗೋವಾಗ ಓಣೀಲಿ ನನ್ನ ಸೆರಗು ತಗಲ್ಬಿಡ್ತು."

"ಒಂದಕ್ಕೆ ತಾನೇ ತಗಲಿದ್ದು?"

"ಒಂದಕ್ಕೊಂದು ಒರಸ್ಕೊಂಡು ತೂಗಾಡ್ತಿತ್ತಲ್ಲ, ಎಲ್ಲಾದಕ್ಕೂ ಮೈಲಿಗೆ ತಾನೇ? ಸಾವಿನ ಮನೆ ಮೈಲಿಗೇನ ಆ ಮಕ್ಕಳು ಹಾಕ್ಕೊಳ್ಳೋದಾ? ನಿನ್ನ ಮೊದಲ್ನೇ ಕಾರ್ಯ ಬೇರೆ." ಅಮ್ಮನ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. "ಒಂದೊಂದಾಗಿ ಸೋಪುಪುಡಿ ಹಾಕಿ ಉಜ್ಜಿ, ಗಂಜಿ ಹಾಕಿ, ಮೇಲೆ ತಾರಸೀಲಿ, ಮೊಟ್ಟೈಮಾಡಿ ಬಿಸಿಲಲ್ಲಿ ಒಣಗಿಸಿ, ನಾನೇ ಇಸ್ತ್ರಿ ಮಾಡಿದೆ. ಬಟ್ಟೆ ಬರೀದಾಗೇ ಇತ್ತಲ್ಲ, ಏನೂ ಇರ್ಲಿಲ್ವೇ ಅದರ ಮೇಲೆ?"

ಏನೂ ಇರಲಿಲ್ಲ. ಅವಳ ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಬಣ್ಣದ ವಿಷಯ ನಾನು ಅವಳಿಗೆ ಹೇಳಿಯೂ ಇರಲಿಲ್ಲ. ಆದರೆ ಆಗ ಬಾಯಿಗೆ ಬಂದದ್ದು, "ನಿನ್ನ ಮಡಿಗಿಷ್ಟು ಬೆಂಕಿ ಹಾಕ! ನನ್ನ ಜೀವನಾನೇ ತೊಳೆದು ಬಚ್ಚಲಿಗೆ ಬಿಟ್ಟೆಯಲ್ಲ!" ಫೋನಿಟ್ಟೆ.

ಚೀಲದ ತಳದಲ್ಲಿ ಉಳಿದಿದ್ದ ಒಂದಿಷ್ಟು ಬಣ್ಣ ತೆಗೆದು ನೆಲದ ಮೇಲೆ ಕೂತು ಒಂದು ಉಡುಪಿನ ಮೇಲೆ ಮತ್ತೆ ಬಲೆ ಬರೆಯತೊಡಗಿದೆ. ನೇರಳೆ ಬೆಳಕಿಗೆ ಸೋಪುಪುಡಿಯ ಬಿಳುಪಿನಿಂದಲೇ ಬಟ್ಟೆ ಅಷ್ಟು ಹೊಳೆಯುತ್ತಿರುವಾಗ ನನ್ನ ಗೆರೆ ಸುಣ್ಣದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಹಾಗಿತ್ತು. ಕಪ್ಪು ಮಾರ್ಕರ್ ಹಿಡಿದೆ. ಮಸಿ ಹರಡಿತು, ಆ ಉಡುಪು ಕೆಟ್ಟೇಹೋಯಿತು. ಹೊರಗೆ ಜನ ಬರತೊಡಗಿದ್ದರು. ಡಿಜೆಯ ಮೊದಲ ಗುದ್ದಿಗೆ ಗೋಡೆ ಅದುರಿತು.

ಮಿಥುನನ ಹತ್ತಿರ ಓಡಿದೆ. "ನನ್ನ ಹೆಸರು ತೆಗೆದುಬಿಡು."

"ಏನ್ ತಮಾಷೆ ಮಾಡ್ತಿದೀಯಾ? ಹೆಸರಿಗೋಸ್ಕರ ಅಲ್ವಾ ಇಷ್ಟೆಲ್ಲ ಒದ್ದಾಡಿದ್ದು?"

"ಕಾಲಿಗೆ ಬೀಳ್ತೀನಿ ಮಿಥುನ್. ಮಾಧವಿ ಕೂತಿದ್ದಾರೆ. ಬರೀ ಬಿಳೀ ಬಟ್ಟೆ ಕೆಳಗೆ ನನ್ನ ಹೆಸರು ಬೇಡ."

"ಪೋಸ್ಟರಲ್ಲೇ ಇದೆ ಮಾರಾಯ್ತಿ. ಈಗ ತೆಗೆದ್ರೆ ಇನ್ನೂ ಎದ್ದು ಕಾಣತ್ತೆ." ಅವನ ಕಣ್ಣು ನನ್ನನ್ನು ಬಿಟ್ಟು ಕಂಪ್ಯೂಟರಿನ ಕಡೆ ಹೋಯಿತು. "ನಡೆಸೋಣ. ಆದದ್ದಾಗ್ಲಿ."

ನಡೆಸಿದೆವು. ಕಂಬದ ಹಿಂದೆ ನಿಂತು ನೋಡಿದೆ. ಪರದೆಯ ಮೇಲೆ ಸಮುದ್ರ ಉಕ್ಕಿ ಬಂತು. ಅದರ ಮುಂದೆ ಏಳು ಹುಡುಗಿಯರು ಬಲೆಯಿಲ್ಲದೆ, ಗಂಟಿಲ್ಲದೆ, ಬರೀ ಬೆಳ್ಳಗೆ ನಡೆದು ಬಂದರು. ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಕಾದೆ. ಜನ ಹೋ ಎಂದು ಕೂಗಿದರು. ಫೋನುಗಳು ಮೇಲೆದ್ದವು. ಕೂಗು ನಿಲ್ಲಲೇ ಇಲ್ಲ. ಪರದೆಯ ಮೇಲೆ ನನ್ನ ಹೆಸರು ಬಂದಾಗ ಇನ್ನೂ ಹೆಚ್ಚಾಯಿತು. ನನ್ನ ಬಲೆ ಇಲ್ಲ ಎಂಬುದು ಆ ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ದೀಪ ಬಂದಮೇಲೆ ಮಾಧವಿ ನೇರ ಬಂದು ನನ್ನನ್ನು ಅಪ್ಪಿಕೊಂಡರು. ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. "ಕೊನೆಗೂ ಕಲಿತೆ ನೋಡು! ಆ ಗೆರೆ, ಆ ಗೀಚಾಟ ಎಲ್ಲ ಬಿಡು ಅಂತ ಆರು ವರ್ಷ ಬಡ್ಕೊಂಡೆ. ಬರೀ ಬಿಳಿ! ಇದಕ್ಕೆ ಬೇಕು ತಲೆ. ಬೆಂಗಳೂರಲ್ಲಿ ನನ್ನ ಶೋಗೆ ಇವನ್ನೇ ತಗೊಂಡು ಬಾ. ನಿನ್ನ ಹೆಸರಲ್ಲೇ."

ಈ ಮಾತಿಗಾಗಿಯೇ ಆರು ವರ್ಷ ಕಾದಿದ್ದೆ. ಬಂದಾಗ ಅದರಲ್ಲಿ ನನ್ನದೆಂದು ಒಂದು ಗೆರೆಯೂ ಇರಲಿಲ್ಲ. ಇದು ನಾನು ಮಾಡಿದ್ದಲ್ಲ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಹಿಂದಿನಿಂದ ಯಾರೋ ತೋಳು ಮುಟ್ಟಿದರು. ಅಮ್ಮ. ಒಬ್ಬಳೇ ಆಟೋದಲ್ಲಿ ಬಂದಿದ್ದಳು. ಫೋನಿಟ್ಟಾಗಿನಿಂದ ಬಾಯಿಗೆ ನೀರೂ ಹಾಕಿಲ್ಲವೆಂದು ಅವಳ ತುಟಿಯೇ ಹೇಳುತ್ತಿತ್ತು. ಅತ್ತು ಅತ್ತು ಮುಖ ಊದಿತ್ತು. ಮಾಧವಿಯವರ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ಹಾಗಾದ್ರೆ ಹಾಳಾಗ್ಲಿಲ್ವೇ ಕಣ್ಣಾ?"

ಸೋಪಿನಲ್ಲಿ ಅವಳ ಬೆರಳ ತುದಿಗಳು ಸುಲಿದು ಕೆಂಪಗಾಗಿದ್ದವು.

"ಇಲ್ಲಮ್ಮ."

"ನಿಜವಾಗ್ಲೂ?"

"ನಿಜವಾಗ್ಲೂ. ಚೆನ್ನಾಗೇ ಆಯ್ತು."

ಅಮ್ಮ ಉಸಿರು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಮಾಧವಿಯವರ ಕಡೆ ತಿರುಗಿ, "ಎಲ್ಲಾ ನಾನೇ ಒಗೆದದ್ದು," ಎಂದಳು. ಮಾಧವಿ ತಮಾಷೆಯೆಂದುಕೊಂಡು ನಕ್ಕರು. ಅಮ್ಮನೂ ನಕ್ಕಳು.

"ಬೆಂಗಳೂರಿಗೆ ಹೋಗೋವಾಗ್ಲೂ ನಾನೇ ಒಗೆದುಕೊಡ್ತೀನಿ," ಎಂದು ನನ್ನ ಕೈ ಹಿಡಿದಳು.

ಆಗ ನನಗೆ ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮ ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು, "ಚಿಕ್ಕಂದಿನಿಂದ ಹೀಗೇ ಇವಳು, ಸಂತೋಷ ಆದ್ರೂ ಅಳ್ತಾಳೆ," ಎಂದು ಮಾಧವಿಯವರಿಗೆ ಹೇಳಿದಳು.