ಅಚ್ಚಾಗದ ಬೈಗುಳ

ಆ ಮನೆಯ ಹೆಂಗಸರು ಮಾತಿಗೆ ಕೂತರೆ ಪಕ್ಕದ ಬೀದಿಯ ನಾಯಿಗಳು ಬೊಗಳುವುದನ್ನು ನಿಲ್ಲಿಸಿ, ಇವರಿಂದ ಕಲಿಯುವುದೇನಾದರೂ ಉಂಟೇ ಎಂದು ಕಿವಿ ನಿಮಿರಿಸುತ್ತಿದ್ದವು. ಅಜ್ಜಿ ಕೆಮ್ಮಿದರೆ ಎದುರುಮನೆಯ ಕಿಟಕಿಯ ಗಾಜು ನಡುಗುತ್ತಿತ್ತು. ಅಮ್ಮ ಮೂರನೇ ಮಹಡಿಯಿಂದ ತರಕಾರಿಯವನೊಡನೆ ಚೌಕಾಸಿ ಮಾಡಿದರೆ ಆ ದಿನ ಇಡೀ ಊರಿಗೆ ಅದೇ ದರ. ಸೋದರತ್ತೆಯ ವಿಷಯ ಕೇಳಲೇಬೇಡಿ. ಆಕೆ ಫೋನಿನಲ್ಲಿ ಮಾತಾಡುವಾಗ ಫೋನೇ ಬೇಕಿರಲಿಲ್ಲ. ಈ ಮೂವರ ನಡುವೆ ಸಿಕ್ಕಿಬಿದ್ದ ಅಪ್ಪನದು ಗಡಿಯಾರ ರಿಪೇರಿಯ ಅಂಗಡಿ. ನೂರಾರು ಗಡಿಯಾರಗಳು ಒಟ್ಟಿಗೆ ಟಿಕ್‌ಟಿಕ್ ಅನ್ನುವ ಆ ಗದ್ದಲವನ್ನೇ ಅವನು ಮೌನ ಎಂದು ತಿಳಿದು ಬದುಕುತ್ತಿದ್ದ.

ಎಲ್ಲರೂ ಒಟ್ಟಿಗೆ ಬಾಯಿ ತೆರೆದು, ಯಾರ ಮಾತೂ ಯಾರಿಗೂ ಕೇಳದಂತಾದಾಗ ಅಜ್ಜಿ ಒಂದು ಕಾನೂನು ತಂದಿದ್ದಳು. ಅಡುಗೆಮನೆಯ ಮರದ ಹಿಡಿಯ ದೊಡ್ಡ ಹಿತ್ತಾಳೆ ಸೌಟು ಯಾರ ಕೈಯಲ್ಲಿದೆಯೋ ಮಾತು ಅವರದು. ಉಳಿದವರು ತುಟಿ ಹೊಲಿದುಕೊಂಡು ಕೂರಬೇಕು. ಸೌಟನ್ನು ಯಾರ ಕೈಯಿಂದಲೂ ಕಿತ್ತುಕೊಳ್ಳುವಂತಿಲ್ಲ. ಆದರೆ ಕೆಳಗಿಟ್ಟಿದ್ದರೆ ಯಾರಾದರೂ ಎತ್ತಿಕೊಳ್ಳಬಹುದು. ಇಷ್ಟು ಅಚ್ಚುಕಟ್ಟಾದ ಕಾನೂನು ಯಾವ ದೇಶದ ಸಂಸತ್ತಿಗೂ ಇದುವರೆಗೆ ಹೊಳೆದಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದವಳು ತುತ್ತೂರಿ. ಹುಟ್ಟಿದಾಗ ಅವಳು ಅತ್ತ ಸದ್ದಿಗೆ, ಆಸ್ಪತ್ರೆಯ ಎದುರಿನ ಶಾಲೆಯ ಮಕ್ಕಳೆಲ್ಲ ಗಂಟೆ ಹೊಡೆಯಿತೆಂದು ಚೀಲ ಎತ್ತಿಕೊಂಡು ಮನೆಗೆ ಓಡಿದ್ದರಂತೆ. ಹೆಸರು ಅಂದೇ ಅಂಟಿಕೊಂಡಿತು. ಈ ತುತ್ತೂರಿ ದೊಡ್ಡವಳಾಗಿ, ವಕೀಲೆಯೋ ಹರಾಜು ಕೂಗುವವಳೋ ಆಗುತ್ತಾಳೆಂದು ಬೀದಿಯೆಲ್ಲ ಕಾದಿದ್ದರೆ, ಅವಳು ಮಧ್ಯಯುಗದ ಇತಿಹಾಸದಲ್ಲಿ ಡಾಕ್ಟರೇಟ್ ಮಾಡುತ್ತೇನೆಂದು ಹೋಗಿ ಗ್ರಂಥಾಲಯದಲ್ಲಿ ಕೂತುಬಿಟ್ಟಳು.

ಅಲ್ಲೇ ಅವಳಿಗೆ ಮೇಣದಬತ್ತಿಯವಳು ಸಿಕ್ಕಿದ್ದು. ಕಡಲಾಚೆಯ ಒಂದು ಹಳೆಯ ಪಟ್ಟಣದ ನ್ಯಾಯಸಭೆಯ ದಾಖಲೆಗಳನ್ನು ಯಾರೋ ಗಡ್ಡದ ಪಂಡಿತ ನೂರು ವರ್ಷದ ಹಿಂದೆ ಪುಸ್ತಕವಾಗಿ ಅಚ್ಚು ಹಾಕಿಸಿದ್ದ. ಅದರಲ್ಲಿ ಆರುನೂರು ವರ್ಷದ ಹಿಂದಿನ ಒಬ್ಬ ಹೆಂಗಸು, ಸಂತೆಯಲ್ಲಿ ಮೇಣದಬತ್ತಿ ಮಾರುವವಳು, ಪುಟಪುಟಕ್ಕೂ ತಲೆ ಹಾಕುತ್ತಿದ್ದಳು. ಬಾಯಿ ಜೋರು ಎಂದು ದಂಡ. ಮತ್ತೆ ಬಾಯಿ ಜೋರು, ಮತ್ತೆ ದಂಡ. ಕೊನೆಗೊಮ್ಮೆ ನ್ಯಾಯಾಧೀಶ, ‘ನೀನು ಹೇಳುವುದೇನಾದರೂ ಇದೆಯೇ?’ ಎಂದು ಕೇಳಿದ್ದಾನೆ. ತುತ್ತೂರಿ ಉಸಿರು ಹಿಡಿದು ಪುಟ ತಿರುಗಿಸಿದರೆ ಅಲ್ಲಿ ಪಂಡಿತನ ಟಿಪ್ಪಣಿ: ‘ಇಲ್ಲಿಂದ ಮುಂದೆ ಆ ಹೆಂಗಸಿನ ಮಾತು. ಒರಟಾಗಿಯೂ ನಿರುಪಯುಕ್ತವಾಗಿಯೂ ಇರುವುದರಿಂದ ಬಿಟ್ಟಿದೆ.’

“ಬಿಟ್ಟಿದೆಯಂತೆ!” ಎಂದು ಅವಳು ಮೇಜು ಗುದ್ದಿದ ಸದ್ದಿಗೆ ಗ್ರಂಥಪಾಲಕ ಏಣಿಯ ಮೇಲಿಂದ ಜಾರಿದ್ದ. “ಯಾರಪ್ಪನ ಮಾತು ಅಂತ ಬಿಟ್ಟ ಇವನು?”

ಮೂಲದ ಚರ್ಮದ ಸುರುಳಿ ಆ ಪಟ್ಟಣದ ಪತ್ರಾಗಾರದಲ್ಲಿ ಈಗಲೂ ಇತ್ತು. ತೀರಾ ನಾಜೂಕು ಎಂದು ಅದರ ಫೋಟೊ ಕೊಡುತ್ತಿರಲಿಲ್ಲ. ಓದಬೇಕಾದವರು ಹೋಗಿಯೇ ಓದಬೇಕು. ಆ ಮಾತಿಲ್ಲದೆ ಅವಳ ಪ್ರಬಂಧ ಮದುಮಗಳಿಲ್ಲದ ಮದುವೆ. ಕಡಲು ದಾಟಿಸುವಷ್ಟು ದುಡ್ಡು ಗಡಿಯಾರದಂಗಡಿಯಲ್ಲಿ ಹುಟ್ಟುವುದಲ್ಲ. ಇತಿಹಾಸದವರನ್ನು ವಿದೇಶಕ್ಕೆ ಕಳಿಸುವ ಪ್ರತಿಷ್ಠಾನ ಅವಳ ಊರಲ್ಲಿ ಇದ್ದದ್ದು ಒಂದೇ. ಅದರ ವಯೋಮಿತಿಯೂ ಅವಳಿಗೆ ಈ ವರ್ಷಕ್ಕೆ ಮುಗಿಯುತ್ತಿತ್ತು.

ಗೈಡು ಮೇಷ್ಟ್ರು ಅರ್ಜಿ ನೋಡಿ ಕನ್ನಡಕ ತೆಗೆದರು. ಮೇಲೆ ದಪ್ಪ ಅಕ್ಷರದಲ್ಲಿತ್ತು: ‘ಬಾಯಿಗೆ ಬಿದ್ದ ದಂಡ: ಮಧ್ಯಯುಗದ ಒಂದು ಪಟ್ಟಣದ ಜಗಳಗಂಟಿಯರು’.

“ನೋಡಮ್ಮ, ಕೆಲಸ ಚಿನ್ನದಂಥದ್ದು. ಆದ್ರೆ ಇದನ್ನ ನೋಡಿದ್ರೆ ಅಧ್ಯಕ್ಷರಿಗೆ ರಕ್ತದೊತ್ತಡ ಏರತ್ತೆ. ‘ಮಧ್ಯಯುಗದ ನಗರ ನ್ಯಾಯಾಡಳಿತ: ಒಂದು ಅವಲೋಕನ’ ಅಂತ ಇಡು. ಯಾರಿಗೂ ಏನೂ ಅರ್ಥ ಆಗಲ್ಲ, ದುಡ್ಡು ಬರತ್ತೆ.”

“ಸಾರ್, ಅವಳಿಗೆ ಒಂದ್ಸಲ ಬಾಯಿ ಮುಚ್ಚಿಸಿದ್ದು ಸಾಕು. ನಾನು ಮತ್ತೆ ಬಟ್ಟೆ ತುರುಕಲ್ಲ.”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ಈ ಮನೆತನದವರ ಜೊತೆ ವಾದಿಸುವುದಕ್ಕಿಂತ ನಿವೃತ್ತಿ ತೆಗೆದುಕೊಳ್ಳುವುದು ಸುಲಭ ಎಂದು ಅವರಿಗೆ ಗೊತ್ತಿತ್ತು.

ಸಂದರ್ಶನದ ತಾಲೀಮು ಮನೆಯಲ್ಲೇ ನಡೆಯಿತು. ಅಜ್ಜಿ ಅಧ್ಯಕ್ಷೆ, ಅಮ್ಮ ಮತ್ತು ಅತ್ತೆ ಸದಸ್ಯರು. ಸೌಟು ಕೈಯಿಂದ ಕೈಗೆ ಹಾರಾಡಿತು.

“ಮದುವೆ ಯಾವಾಗ?” ಅತ್ತೆಯ ಮೊದಲ ಪ್ರಶ್ನೆ.

“ಅತ್ತೇ, ಕಮಿಟಿಯವರು ಅದನ್ನೆಲ್ಲ ಕೇಳಲ್ಲ.”

“ಅದನ್ನ ಕೇಳದೆ ಇರೋ ಕಮಿಟಿ ಈ ಭೂಮಿ ಮೇಲೆ ಹುಟ್ಟಿದೆಯೇನೇ?”

ಅಜ್ಜಿ ಸೌಟು ಕೇಳಿ ಪಡೆದಳು. “ಅವರು ಏನಾದ್ರೂ ಕೇಳ್ಲಿ, ನೀನು ಸೌಟು ಬಿಡ್ಬೇಡ. ಸೌಟು ಬಿಟ್ಟೋಳು ಕೆಟ್ಟಳು.”

“ಕಡಿಮೆ ಮಾತಾಡು ಮಗಳೇ,” ಎಂದ ಅಪ್ಪ ಬಾಗಿಲ ಮರೆಯಿಂದ. ಅವನ ಕೈಯಲ್ಲಿ ಸೌಟಿರಲಿಲ್ಲವಾದ್ದರಿಂದ ಅದು ಯಾರಿಗೂ ಕೇಳಲಿಲ್ಲ.

ಪ್ರತಿಷ್ಠಾನದ ಸಭಾಂಗಣ ಎಷ್ಟು ಉದ್ದವೆಂದರೆ, ಬಾಗಿಲಲ್ಲಿ ನಮಸ್ಕಾರ ಹೇಳಿದರೆ ಮೇಜಿನ ಬಳಿ ತಲುಪುವ ಹೊತ್ತಿಗೆ ಅದು ಹಳತಾಗುತ್ತಿತ್ತು. ಹಸಿರು ಬಟ್ಟೆಯ ಮೇಜಿನ ಹಿಂದೆ ಮೂವರು. ನಡುವೆ ಅಧ್ಯಕ್ಷರು, ಪ್ರತಿಷ್ಠಾನ ಕಟ್ಟಿದವರ ಮಗ. ಗೋಡೆಯ ಮೇಲಿನ ಅಪ್ಪನ ಭಾವಚಿತ್ರಕ್ಕೂ ಇವರಿಗೂ ಮೂಗು ಒಂದೇ, ಉಳಿದದ್ದೇನೂ ಹೋಲುತ್ತಿರಲಿಲ್ಲ. ಬಲಕ್ಕೆ ಖಜಾಂಚಿ. ಎಡಕ್ಕೆ ಇತಿಹಾಸದ ಮೇಡಂ, ನಿವೃತ್ತ ಪ್ರಾಧ್ಯಾಪಕಿ. ಈ ಮೇಡಂ ಸಮಿತಿಗೆ ಬಂದಂದಿನಿಂದ ಒಂದು ಮಾತೂ ಆಡಿದ್ದನ್ನು ಯಾರೂ ಕೇಳಿರಲಿಲ್ಲವಾಗಿ, ಅಭ್ಯರ್ಥಿಗಳು ಅವರನ್ನು ‘ಭಾವಚಿತ್ರ ನಂಬರ್ ಎರಡು’ ಎಂದು ಕರೆಯುತ್ತಿದ್ದರು.

ಅಧ್ಯಕ್ಷರ ಮುಂದೆ ಮರದ ಹಿಡಿಯ ಹಿತ್ತಾಳೆ ಗಂಟೆ. ಆ ಕಟ್ಟಡದಲ್ಲಿ ಸೂರ್ಯ ಹುಟ್ಟುವುದೊಂದು ಬಿಟ್ಟು ಬೇರೆಲ್ಲ ಆ ಗಂಟೆಯಿಂದಲೇ. ಒಮ್ಮೆ ಬಾರಿಸಿದರೆ ಸಂದರ್ಶನ ಮುಗಿಯಿತು, ಜವಾನ ಬಾಗಿಲು ತೆರೆಯುತ್ತಾನೆ. ಎರಡು ಸಲ ಬಾರಿಸಿದರೆ ಟೀ. ಬಾರಿಸದಿದ್ದರೆ ಭೂಕಂಪವಾದರೂ ಆ ಬಾಗಿಲು ತೆರೆಯದು.

“ಜಗಳಗಂಟಿಯರು!” ಅಧ್ಯಕ್ಷರು ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಏನಮ್ಮ ಇದು? ನಮ್ಮ ಪ್ರತಿಷ್ಠಾನ ದುಡ್ಡು ಕೊಡೋದು ದೊಡ್ಡ ವಿಷಯಕ್ಕೆ. ರಾಜರು, ಕೋಟೆ, ಯುದ್ಧ. ಬೀದಿ ಜಗಳ ನೋಡೋಕೆ ಕಡಲು ದಾಟ್ಬೇಕಾ? ನಿಮ್ಮ ಬೀದಿ ನಲ್ಲಿ ಹತ್ರ ಹೋಗಿ ನಿಂತ್ಕೊಂಡ್ರೆ ಸಾಲದಾ?”

“ನಮ್ಮ ಬೀದಿ ನಲ್ಲಿ ಹತ್ರ ಜಗಳ ಮಾಡೋದು ನಮ್ಮಜ್ಜಿನೇ ಸಾರ್. ಅದರ ಕ್ಷೇತ್ರಕಾರ್ಯ ಚಿಕ್ಕವಳಿದ್ದಾಗಲೇ ಮುಗಿಸಿದೀನಿ.”

ಖಜಾಂಚಿ ನಗು ತಡೆಯಲು ನೀರು ಕುಡಿದು ಕೆಮ್ಮಿದ.

“ಮದುವೆ ಆಗಿದೆಯಾ?” ಎಂದರು ಅಧ್ಯಕ್ಷರು. ತುತ್ತೂರಿ ಮನಸ್ಸಿನಲ್ಲೇ ಅತ್ತೆಯ ಪಾದಕ್ಕೆ ಅಡ್ಡಬಿದ್ದಳು.

“ಅರ್ಜಿಯಲ್ಲಿ ಆ ಪ್ರಶ್ನೆ ಇಲ್ಲ ಸಾರ್.”

ಅಧ್ಯಕ್ಷರು ಕುರ್ಚಿಗೆ ಒರಗಿ, ದೊಡ್ಡ ಮನಸ್ಸು ಮಾಡಿದವರ ಹಾಗೆ ದನಿ ತಗ್ಗಿಸಿದರು. “ಬುದ್ಧಿವಂತೆ ಇದೀಯ, ಒಪ್ಪಿದೆ. ಒಂದು ಕೆಲಸ ಮಾಡು. ಅದೇ ಪಟ್ಟಣ, ಅದೇ ಪತ್ರಾಗಾರ, ಅದೇ ಟಿಕೆಟ್. ಆ ಊರಿನ ಕೋಟೆಗೋಡೆ ಹೇಗೆ ಕಟ್ಟಿದ್ರು ಅಂತ ಬರಿ. ‘ಹೂಂ’ ಅನ್ನು, ಈಗ್ಲೇ ಸಹಿ ಹಾಕ್ತೀನಿ. ‘ಊಹೂಂ’ ಅಂದ್ರೆ ಮುಂದಿನ ವರ್ಷ ನಿನಗೆ ವಯಸ್ಸು ಮೀರತ್ತೆ. ಯೋಚನೆ ಮಾಡು.”

ಹುಟ್ಟಿದ ಮೇಲೆ ಮೊದಲ ಬಾರಿಗೆ ತುತ್ತೂರಿ ಬಾಯಿ ತೆರೆಯುವ ಮುಂಚೆ ಲೆಕ್ಕ ಹಾಕಿದಳು. ಹೂಂ ಅಂದರೆ ಏನು ಗಂಟು ಹೋಗುತ್ತದೆ? ಅಲ್ಲಿ ಹೋದಮೇಲೆ ಗೋಡೆಯ ಕಲ್ಲು ಎಣಿಸುತ್ತ, ಯಾರೂ ನೋಡದಾಗ ಆ ಸುರುಳಿಯನ್ನೂ ಬಿಚ್ಚಬಹುದು. ಮೇಣದಬತ್ತಿಯವಳ ಮಾತನ್ನು ಕದ್ದು ಓದಬಹುದು. ಓದಿ? ಓದಿ ತನ್ನ ಪ್ರಬಂಧದಿಂದ ತಾನೇ ಅದನ್ನು ಬಿಡಬೇಕು. ಇದುವರೆಗೆ ಬಿಟ್ಟವನು ಆ ಗಡ್ಡದ ಪಂಡಿತ ಒಬ್ಬನೇ. ಇನ್ನು ಮೇಲೆ ಇಬ್ಬರು.

“ಯಾಕೆ, ಮಾತು ಮುಗೀತಾ?” ಎಂದು ಅಧ್ಯಕ್ಷರು ನಕ್ಕು ಪೆನ್ನು ಹುಡುಕಲು ಜೇಬಿಗೆ ಕೈ ಹಾಕಿದರು. ಗಂಟೆ ಮೇಜಿನ ಮೇಲೆ ಒಂಟಿಯಾಗಿ ಕೂತಿತ್ತು.

ಆಗ ಆದದ್ದು ಧೈರ್ಯವಲ್ಲ, ಅಭ್ಯಾಸ. ಮಾತಾಡಬೇಕು ಅನ್ನಿಸಿದಾಗ, ಎದುರಿಗೆ ಮರದ ಹಿಡಿಯ ಹಿತ್ತಾಳೆ ವಸ್ತುವೊಂದು ಯಾರ ಕೈಯಲ್ಲೂ ಇಲ್ಲದೆ ಬಿದ್ದಿದ್ದರೆ, ಆ ಮನೆಯ ಹೆಣ್ಣುಮಕ್ಕಳ ಕೈ ಇನ್ನೇನು ಮಾಡೀತು? ತುತ್ತೂರಿ ಗಂಟೆಯನ್ನು ಎತ್ತಿಕೊಂಡಳು. ಸದ್ದಾಗದಂತೆ ಅದರ ನಾಲಗೆಯನ್ನು ಬೆರಳಲ್ಲಿ ಹಿಡಿದಳು.

“ಊಹೂಂ,” ಎಂದಳು. ಆ ಒಂದು ಊಹೂಂಗೆ ಭಾವಚಿತ್ರ ಓರೆಯಾಯಿತು. “ಗೋಡೆ ಎಲ್ಲೂ ಹೋಗಲ್ಲ ಸಾರ್, ನಾಳೆ ಯಾರಾದ್ರೂ ಬರೀತಾರೆ. ರಾಜರ ಮಾತನ್ನ ಬರ್ಕೊಳ್ಳೋಕೆ ಆಗ್ಲೂ ಜನ ಇದ್ರು, ಈಗ್ಲೂ ಇದಾರೆ. ಈ ಹೆಂಗಸನ್ನ ಎಷ್ಟು ಸಲ ಕಟಕಟೆಗೆ ಎಳೆದ್ರು, ಎಷ್ಟು ಸಲ ದಂಡ ಹಾಕಿದ್ರು, ಎಲ್ಲಾ ಅಚ್ಚಾಗಿದೆ. ಅವಳೇನಂದ್ಲು ಅನ್ನೋದು ಮಾತ್ರ ಇಲ್ಲ. ಅದನ್ನ ಓದೋಕೆ ದುಡ್ಡು ಕೇಳ್ತಿದೀನಿ, ಭಿಕ್ಷೆ ಅಲ್ಲ. ಕೊಟ್ರೆ ಇದಕ್ಕೇ ಕೊಡಿ. ಇಲ್ಲಾಂದ್ರೆ ನಿಮ್ಮ ಟಿಕೆಟ್ಟಲ್ಲಿ ನಾನು ಪಕ್ಕದೂರಿಗೂ ಹೋಗಲ್ಲ!”

“ಗಂಟೆ ಇಡಮ್ಮ ಕೆಳಗೆ!” ಅಧ್ಯಕ್ಷರು ಎದ್ದರು. “ಜವಾನ! ಏ ಜವಾನ!”

ಬಾಗಿಲು ಅಲುಗಲಿಲ್ಲ. ಗಂಟೆ ಬಾರಿಸದೆ ತೆರೆದರೆ ಕೆಲಸ ಹೋಗುತ್ತದೆ ಎಂದು ಅವನಿಗೆ ಕಲಿಸಿದವರು ಇವರೇ.

ಆಗ ಎಡಗಡೆಯ ಭಾವಚಿತ್ರ ಗಂಟಲು ಸರಿಮಾಡಿಕೊಂಡಿತು. ಮೇಡಂ ತುಟಿ ತೆರೆದರು, ಅಧ್ಯಕ್ಷರನ್ನು ನೋಡಿದರು, ಮುಚ್ಚಿದರು. ತುತ್ತೂರಿಗೆ ಆ ತುಟಿ ಚೆನ್ನಾಗಿ ಗೊತ್ತಿತ್ತು. ಸೌಟಿಗಾಗಿ ಕಾಯುವವರ ತುಟಿ ಅದು. ಅವಳು ಮೇಜು ಸುತ್ತಿ ಹೋಗಿ ಗಂಟೆಯನ್ನು ಅವರ ಕೈಗೆ ಕೊಟ್ಟಳು.

“ಹಿಡ್ಕೊಳ್ಳಿ ಮೇಡಂ. ಇದು ಕೈಯಲ್ಲಿರೋ ತನಕ ನಿಮ್ಮದೇ ಮಾತು. ನಮ್ಮನೆ ಕಾನೂನು.”

ಮೇಡಂ ಗಂಟೆಯನ್ನು ನೋಡಿದರು. ಎದೆಗೆ ಅವಚಿಕೊಂಡರು. ಆಮೇಲೆ ಅಣೆಕಟ್ಟು ಒಡೆಯಿತು.

“ಇತಿಹಾಸದ ಅರ್ಜಿಗೆ ಇತಿಹಾಸದವರ ಮಾತೇ ಕೊನೆ. ನಿಮ್ಮ ತಂದೆಯವರೇ ಮಾಡಿದ ನಿಯಮ ಅದು. ಪ್ರತಿ ವರ್ಷ ಎಲ್ಲಾ ಅರ್ಜಿ ಓದ್ಕೊಂಡು ಬರ್ತೀನಿ. ಪ್ರತಿ ವರ್ಷ ನಾನು ಬಾಯಿ ತೆಗೆಯೋ ಮುಂಚೆ ನೀವು ಗಂಟೆ ಬಾರಿಸ್ತೀರಿ. ನಿಮ್ಮ ಸೋದರಳಿಯ ಯುದ್ಧಭೂಮಿ ನೋಡ್ತೀನಿ ಅಂತ ಹೋಗಿ ಸಮುದ್ರದ ದಡದಲ್ಲಿ ಫೋಟೊ ತೆಗೆಸ್ಕೊಂಡು ಬಂದ. ಆಗ್ಲೂ ಗಂಟೆ!” ಖಜಾಂಚಿ ಎರಡನೇ ಸಲ ಕೆಮ್ಮಿದ. ಮೇಡಂ ತುತ್ತೂರಿಯ ಕಡೆ ತಿರುಗಿದರು. “ಹಳೇ ಲಿಪಿ ಓದೋಕೆ ಬರತ್ತಾ?”

“ಬರತ್ತೆ ಮೇಡಂ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಓದ್ತೀನಿ.”

“ನನ್ನ ಒಪ್ಪಿಗೆ ಇದೆ. ವಿಷಯ ಬದಲಾಗಲ್ಲ. ಶೀರ್ಷಿಕೆಯ ಒಂದಕ್ಷರವೂ ಬದಲಾಗಲ್ಲ. ಸಹಿ ಹಾಕಿ.”

“ಮೊದ್ಲು ಗಂಟೆ ಕೊಡಿ,” ಎಂದರು ಅಧ್ಯಕ್ಷರು.

“ಮೊದ್ಲು ಸಹಿ,” ಎಂದರು ಮೇಡಂ.

ಹೊರಗೆ ಅಭ್ಯರ್ಥಿಗಳು ಕಾದು ಕಾದು ಕಂಬಗಳಾದರು. ಒಳಗೆ ಟೀ ಇಲ್ಲ, ಬಾಗಿಲಿಲ್ಲ, ದಾರಿಯಿಲ್ಲ. ಕೊನೆಗೆ ಟೀಯ ನೆನಪೇ ಅಧ್ಯಕ್ಷರನ್ನು ಸೋಲಿಸಿತು. ಪೆನ್ನು ಕಾಗದದ ಮೇಲೆ ಕಿರುಗುಟ್ಟಿದ ಮೇಲೆ ಮೇಡಂ ಗಂಟೆಯನ್ನು ಬಾರಿಸಿದರು, ಒಂದು ಸಲ ಅಲ್ಲ, ಎರಡು ಸಲವೂ ಅಲ್ಲ, ಕೈ ಸೋಲುವವರೆಗೆ. ಏನು ತರಬೇಕೆಂದು ತಿಳಿಯದ ಜವಾನ ಇದ್ದಬದ್ದ ಟೀಯನ್ನೆಲ್ಲ ಹೊತ್ತು ತಂದ.

ಆ ದೂರದ ಪಟ್ಟಣದ ಪತ್ರಾಗಾರದ ಓದುಕೋಣೆಯಲ್ಲಿ ಎಂಥ ಮೌನವೆಂದರೆ, ಇರುವೆ ನಡೆದರೆ ಜನ ತಲೆಯೆತ್ತಿ ನೋಡುತ್ತಿದ್ದರು. ಪೆನ್ನಿಗೆ ಅಪ್ಪಣೆಯಿಲ್ಲ, ಪೆನ್ಸಿಲ್ ಮಾತ್ರ. ಮೇಲ್ವಿಚಾರಕ ಸದ್ದಾಗದ ಬಟ್ಟೆಯ ಬೂಟು ಹಾಕಿಕೊಂಡು ದೆವ್ವದಂತೆ ಓಡಾಡುತ್ತಿದ್ದ. ಮಾತಾಡಿದವರ ಹೆಸರು ಬರೆದುಕೊಂಡು ಆ ದಿನದ ಮಟ್ಟಿಗೆ ಹೊರಗೆ ಕಳಿಸುವುದು ಅಲ್ಲಿನ ನಿಯಮ. ಅದನ್ನು ಓದಿ ತುತ್ತೂರಿ ಸಹಿ ಹಾಕಿದ್ದಳು, ತುಟಿ ಬಿಗಿಹಿಡಿದಿದ್ದಳು.

ಸುರುಳಿ ಬಂತು. ಹಳದಿಯಾದ ಚರ್ಮ ತಾನೇ ಸುತ್ತಿಕೊಳ್ಳದಂತೆ ಅಂಚಿಗೆ ಮೆತ್ತನೆಯ ತೂಕದ ಹಗ್ಗಗಳನ್ನಿಟ್ಟು, ಅವಳು ಗೇಣು ಗೇಣಾಗಿ ಬಿಚ್ಚುತ್ತ ಹೋದಳು. ದಂಡ. ದಂಡ. ದಂಡ. ನ್ಯಾಯಾಧೀಶನ ಪ್ರಶ್ನೆ. ಅದರ ಕೆಳಗೆ, ಆತುರಾತುರವಾಗಿ ಗೀಚಿದ ಗುಮಾಸ್ತನ ಅಕ್ಷರದಲ್ಲಿ, ಅಚ್ಚಾಗದೆ ಉಳಿದ ಮಾತು. ಅವಳು ಒಂದೊಂದೇ ಅಕ್ಷರ ಬಿಡಿಸಿಕೊಂಡಳು. ಬಿಡಿಸಿಕೊಂಡ ಮೇಲೆ ತುಟಿ ಅವಳ ಕೈ ಮೀರಿತು.

“‘ನನ್ನ ಬಾಯಿಗೆ ದಂಡ ಹಾಕುವವರೇ, ನನಗೆ ಮೇಣ ಮಾರುವ ವ್ಯಾಪಾರಿಯ ಸುಳ್ಳು ತಕ್ಕಡಿಗೆ ಎಷ್ಟು ದಂಡ ಹಾಕಿದಿರಿ? ಹೂಂ, ಇನ್ನೊಂದು ದಂಡ ಬರೆದುಕೊಳ್ಳಿ. ನನ್ನ ಮಾತು ಇನ್ನೂ ಮುಗಿದಿಲ್ಲ!’”

ಸಾಲು ಸಾಲು ತಲೆಗಳು ಎದ್ದವು. ಕಪಾಟುಗಳಲ್ಲಿ ಶತಮಾನಗಳ ಧೂಳು ಎದ್ದಿತು. ಮೇಲ್ವಿಚಾರಕ ಬಟ್ಟೆಯ ಬೂಟಿನಲ್ಲೇ ಧಡಧಡನೆ ಓಡಿಬಂದ.

“ನಿಮ್ಮ ಹೆಸರು?” ಎಂದ ಪಿಸುಗುಟ್ಟುತ್ತ, ಪೆನ್ಸಿಲ್ ಹಿಡಿದು.

“ಬರ್ಕೊಳ್ಳಿ,” ಎಂದಳು ತುತ್ತೂರಿ ಅವನ ಭಾಷೆಯಲ್ಲೇ, ಪಿಸುಗುಟ್ಟದೆ. ಅವನು ಬರೆದುಕೊಳ್ಳುವಷ್ಟು ಹೊತ್ತು ಆ ಸಾಲನ್ನು ಮೊದಲಿಂದ ಇನ್ನೊಮ್ಮೆ ಓದಿದಳು.

ಹೊರಗೆ ಕಲ್ಲಿನ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡಿದಳು. ಅಜ್ಜಿಯೇ ಎತ್ತಿದಳು; ಸೌಟು ಕೈಯಲ್ಲಿದ್ದಿರಬೇಕು, ಹಿಂದೆ ಒಂದು ಸದ್ದೂ ಇರಲಿಲ್ಲ.

“ಅಜ್ಜೀ, ಜೋರಾಗಿ ಓದಿದೆ ಅಂತ ನನ್ನ ಹೊರಗೆ ಹಾಕಿದ್ರು.”

“ಎಷ್ಟು ದಿನಕ್ಕೆ?”

“ಇವತ್ತೊಂದು ದಿನಕ್ಕೆ.”

“ಒಂದೇ ದಿನಕ್ಕಾ!” ಅಜ್ಜಿಗೆ ಅವಮಾನವಾದಂತಿತ್ತು. “ಥೂ, ಮನೆ ಮರ್ಯಾದೆ ಕಳೆದ್ಯಲ್ಲೇ. ನಾಳೆ ಹೋಗಿ ಇನ್ನೂ ಜೋರಾಗಿ ಓದು.”