ಸಿಂಗಾರಿಯ ಕುಡಿ

ಹಳದಿ ಹೂವಿಗೆ ಬಿಳಿ ಹೂವಿನ ಪರಾಗ ಮುಟ್ಟಿಸಿ ಅಕ್ಕ ಪಡೆದ ಗಿಡ ಮೈತುಂಬ ಕೆನೆಬಣ್ಣದ ಹೂ ಬಿಡುತ್ತಿತ್ತು. ಬೀಜ ಮಾತ್ರ ಕಟ್ಟುತ್ತಿರಲಿಲ್ಲ. ಸಸಿತೋಟ ನೋಡಿಕೊಳ್ಳುವ ತಮ್ಮ ಅದಕ್ಕೆ ‘ಸಿಂಗಾರಿ’ ಎಂದು ಹೆಸರಿಟ್ಟಿದ್ದ. “ಅಲಂಕಾರ ಆಳುದ್ದ, ಫಸಲು ಸೊನ್ನೆ!”

ಕಾರಣ ಅಕ್ಕನಿಗೆ ಗೊತ್ತಿತ್ತು. ಅದರ ಒಂದೊಂದು ಜೀವಕೋಶದಲ್ಲೂ ತಾಯಿ ಕಡೆಯ ವರ್ಣತಂತುಗಳು ಒಂಬತ್ತು, ತಂದೆ ಕಡೆಯವು ಒಂಬತ್ತು. ಬೀಜ ಕಟ್ಟಬೇಕಾದರೆ ಅವು ಜೋಡಿಯಾಗಬೇಕು. ಆದರೆ ಒಂದೇ ಚಪ್ಪರದಡಿ ಮುಖ ತಿರುಗಿಸಿ ಕೂತ ಎರಡು ಕಡೆಯ ಬೀಗರ ಹಾಗೆ, ಇವರಿಗೆ ಅವರ ಗುರುತಿಲ್ಲ, ಅವರಿಗೆ ಇವರದಿಲ್ಲ. ಪ್ರತಿಯೊಂದಕ್ಕೂ ಅದರದೇ ಪಡಿಯಚ್ಚು ಸಿಕ್ಕರೆ ಮಾತ್ರ ಜೋಡಿ. ತಂತುಗಳು ಇಮ್ಮಡಿಯಾದ ಮೇಲೆ ಕೋಶ ಇಬ್ಭಾಗವಾಗದಂತೆ ತಡೆಯುವ ಮದ್ದೊಂದಿತ್ತು; ಆಗ ಪಡಿಯಚ್ಚುಗಳು ಅದೇ ಕೋಶದಲ್ಲಿ ಉಳಿಯುತ್ತವೆ. ಸೀಸೆಯಲ್ಲಿ ಉಳಿದಿದ್ದ ಕೊನೆಯ ಹನಿಗಳನ್ನು ಸಿಂಗಾರಿಯ ನೆತ್ತಿಯ ಕುಡಿಗೆ ಹಚ್ಚಿ, ಅಕ್ಕ ಕಣ್ಣುಮುಚ್ಚಿ ಕೈಮುಗಿದಳು.

ವಾರ ಕಳೆದು ಬಂದು ನೋಡಿದರೆ ನೆತ್ತಿಯೇ ಇಲ್ಲ!

“ಯಾರೋ ಚಿವುಟಿದ್ದು?”

“ನಾನೇ ಅಕ್ಕಾ. ಸಾಲಾಗಿ ಚಿವುಟ್ತಾ ಬಂದೆ, ಕೈ ನಿಲ್ಲಲಿಲ್ಲ. ಚಿವುಟಿದ್ರೆ ತಾನೇ ಗಿಡ ಪೊದೆಯಾಗೋದು?”

“ನನ್ನ ತಲೇನೇ ಚಿವುಟಿದೆಯಲ್ಲೋ!” ಅಕ್ಕ ಗಿಡದ ಬುಡದಲ್ಲಿ ತಡಕಾಡಿದಳು. “ಕುಡಿ ಎಲ್ಲಿ ಎಸೆದೆ?”

“ಎಸೀತೀನಾ? ಕುಡಿ ಎಸೆದಿದ್ರೆ ಅಪ್ಪ ನನ್ನ ಚರ್ಮ ಸುಲೀತಿದ್ರು. ಎಲ್ಲಾನೂ ಮರಳಿಗೆ ನೆಟ್ಟಿದೀನಿ.”

ಮರಳಿನ ತೊಟ್ಟಿಯಲ್ಲಿ ಸಿಂಗಾರಿಯ ನೆತ್ತಿಯ ಕುಡಿ, ಪಕ್ಕದ ರೆಂಬೆಗಳ ಕುಡಿ ಎಲ್ಲ ಒಂದೇ ಅಚ್ಚು. ಯಾವುದೆಂದು ಹೇಳುವುದು? ಅಕ್ಕ ದೇವರ ಮೇಲೆ ಭಾರ ಹಾಕಿ ಕಾದಳು. ಉಳಿದವು ಬೇರು ಬಿಟ್ಟು ನೆಗೆದು ಬೆಳೆದಾಗ ಒಂದು ಮಾತ್ರ ಗಿಡ್ಡಗೆ, ದಪ್ಪ ಎಲೆ ಸುರುಟಿಕೊಂಡು ಮುನಿದು ನಿಂತಿತ್ತು.

“ಇದಕ್ಕೆ ರೋಗ. ಕಿತ್ತುಬಿಡ್ಲಾ?”

“ನೀನು ಮೊದಲು ಕೈ ಕಟ್ಕೋ!” ಎಂದಳು ಅಕ್ಕ. ಮದ್ದು ತಾಗಿದ ಕುಡಿಯ ಗುರುತೇ ಅದು: ದಪ್ಪ ಎಲೆ, ನಿಧಾನದ ಬೆಳವಣಿಗೆ.

ಆ ಗಿಡ ಮೊಗ್ಗಾದಾಗ ಎಳೆಯ ಮೊಗ್ಗೊಂದನ್ನು ಬಿಡಿಸಿ, ಒಳಗಿನ ಪರಾಗದ ಚೀಲಕ್ಕೆ ಬಣ್ಣ ಕುಡಿಸಿ, ಗಾಜಿನ ನಡುವೆ ಹೆಬ್ಬೆರಳಿಂದ ಒತ್ತಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಹಿಂದೆ ಹದಿನೆಂಟು ಒಂಟಿಗಳು ದಿಕ್ಕೆಟ್ಟು ಚೆದುರಿದ್ದ ಕಡೆ ಈಗ ಹದಿನೆಂಟು ಜೋಡಿಗಳು ಕೈ ಹಿಡಿದು ನಿಂತಿದ್ದವು.

ತಮ್ಮನೂ ಇಣುಕಿದ. “ಇದೇನಕ್ಕಾ, ಇರುವೆಗಳ ಮದುವೆಯಾ?”

“ಮದುವೇನೇ ಕಣೋ!” ನಗುತ್ತಲೇ ಅಕ್ಕ ಕಣ್ಣೊರೆಸಿಕೊಂಡಳು.

ಹೂ ಉದುರಿತು, ಕಾಯಿ ಬಲಿತು ಒಣಗಿತು. ಅಕ್ಕ ಅದನ್ನು ಕಿತ್ತು ತಮ್ಮನ ಕಿವಿಯ ಹತ್ತಿರ ಕುಲುಕಿದಳು. ಗಲಗಲ! ಕೊಡುವವನು ಮನಸ್ಸು ಮಾಡಿದರೆ ತಪ್ಪು ಮಾಡಿದ ಕೈಯಿಂದಲೇ ಕೊಡಿಸುತ್ತಾನೆ.

“ತಗೋ, ಚಿವುಟಿದ ಕೈಯಿಂದಲೇ ಬಿತ್ತು.”

ಆದರೆ ಬಿತ್ತುವ ತಾಳ್ಮೆ ಯಾರಿಗಿತ್ತು? ತಮ್ಮ ಕಾಯಿ ಕುಲುಕುತ್ತ, ಮಡಿಗಳ ನಡುವೆ ಹಾರಿಹಾರಿ ಓಡುತ್ತ, ತೋಟಕ್ಕೆಲ್ಲ ಕೇಳುವಂತೆ ಕೂಗಿದ: “ಸಿಂಗಾರಿ ಹೆತ್ತಳು! ನಮ್ಮ ಸಿಂಗಾರಿ ಹೆತ್ತಳು!”