ಸಭೆಯಲ್ಲಿ ಲಲಿತಾಬಾಯಿ ಕೇಳಿದ ಪ್ರಶ್ನೆ

ಕಮಲಾಪುರದ ಲಲಿತಾಬಾಯಿಯ ಎದೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಗಂಡ ಜಗದೇವಪ್ಪ ಲಿಂಗೈಕ್ಯರಾಗಿ ಐದು ತಿಂಗಳಾದರೂ ಅದು ಇಳಿದಿರಲಿಲ್ಲ. ಮಠದ ಅಯ್ಯನವರನ್ನು ಕೇಳಿದರೆ, "ಶಿವನ ಇಚ್ಛಾ, ತಾಯಿ" ಎಂದರು. ದವಾಖಾನೆಯಲ್ಲಿ ಕೇಳಿದರೆ, "ವಯಸ್ಸಾಗಿತ್ತಲ್ರೀ" ಎಂದರು. ಎರಡೂ ಸುಳ್ಳಲ್ಲ. ಎರಡೂ ಉತ್ತರವೂ ಅಲ್ಲ.

ಜಗದೇವಪ್ಪನವರಿಗೆ ಕೊನೆಯ ಮೂರು ವರ್ಷ ಮರೆವು. ಮೊದಲು ಹೊಲದ ದಾರಿ ಮರೆತರು, ಆಮೇಲೆ ಮಕ್ಕಳ ಹೆಸರು. ಕಡೆಗೆ ಹೆಂಡತಿಯನ್ನೇ, "ನೀವು ಯಾರ ಪೈಕಿ?" ಎಂದು ಕೇಳಿದರು. ಅದನ್ನೂ ಆಕೆ ನುಂಗಿಕೊಂಡಳು. ಆದರೆ ಒಂದು ದಿನ ಅವರು ಕೊರಳಿನ ಇಷ್ಟಲಿಂಗವನ್ನು ಬಾಯಿಗೆ ಹಾಕಿಕೊಂಡರು. ಬೆರಳು ಹಾಕಿ ತೆಗೆಯುವಷ್ಟರಲ್ಲಿ ಆಕೆಯ ಜೀವ ಹೋಗಿ ಬಂದಿತ್ತು. ಮರುವಾರವೂ ಹಾಗೇ ಆಯಿತು. ಗಂಟಲಿಗೆ ಸಿಕ್ಕರೆ ಗತಿಯೇನು? ಉಸಿರಿರುವ ತನಕ ಲಿಂಗ ಮೈಯನ್ನು ಅಗಲಬಾರದೆಂದು ಕೇಳುತ್ತಲೇ ಬೆಳೆದ ಆಕೆ, ಅದನ್ನು ತನ್ನ ಕೈಯಾರೆ ಬಿಚ್ಚಿ, ಮಡಿಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲಿಟ್ಟಳು.

ಅಂದಿನಿಂದ ಅವರು ಬೆಳಗಾದರೆ ಎಡಗೈ ಚಾಚಿ ಕೂರತೊಡಗಿದರು. ಹಸಿವೆಂದು ತಿಳಿದು ಆಕೆ ಸುಲಿದ ಬಾಳೆಹಣ್ಣು ಇಡುತ್ತಿದ್ದಳು. ಅವರು ಅದನ್ನು ಪಕ್ಕಕ್ಕಿಟ್ಟು ಮತ್ತೆ ಕೈ ಚಾಚುತ್ತಿದ್ದರು. ಎಂಟು ತಿಂಗಳು ಹೀಗೇ ನಡೆಯಿತು. ಮಣ್ಣಿಗಿಡುವ ದಿನ ಅಯ್ಯನವರು ಅದೇ ಅಂಗೈಯಲ್ಲಿ ಲಿಂಗವಿಟ್ಟಾಗ ಆಕೆಗೆ ಸಿಡಿಲು ಬಡಿದಂತಾಯಿತು. ಪೂಜೆಗೆ ದಿನವೂ ಲಿಂಗ ಹಿಡಿಯುತ್ತಿದ್ದ ಕೈ ಅದು. ಅವರು ಬೇಡಿದ್ದು ಇದನ್ನೇ ಏನು?

ಮೊಮ್ಮಗಳು ಅಂಜನಾ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಮಿದುಳಿನ ಸಂಶೋಧನೆ, ಅದರಲ್ಲಿ ಸಿಗುವ ಕೆಲಸಗಳು, ಇವುಗಳ ಬಗ್ಗೆ ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸವಿದೆ, ಯಾರು ಬೇಕಾದರೂ ಬರಬಹುದು ಎಂದು ಆಕೆ ಹೇಳಿದಳು. ಅಜ್ಜಿ ತಕ್ಷಣ ಸೀರೆಯ ಸೆರಗು ಸರಿಮಾಡಿಕೊಂಡಳು.

"ನಾನೂ ಬರ್ತೀನಿ."

"ಆಯಿ, ಅಲ್ಲಿ ಬರೇ ಇಂಗ್ಲಿಷ್ ಮಾತಾಡ್ತಾರ. ನಿನಗೇನ್ ತಿಳೀತದ?"

"ಮಠದಾಗ ಸಂಸ್ಕೃತ ಹೇಳ್ತಾರ, ಅದೇನ್ ತಿಳೀತದ? ಕುಂತು ಕೇಳಿ ಬರಂಗಿಲ್ಲೇನು?"

ಬಸ್ಸಿಳಿದು, ಆಟೋ ಹತ್ತಿ, ಇಬ್ಬರೂ ಸಭಾಂಗಣ ಸೇರಿದರು. ಮಾತಾಡಲು ಬಂದವರು ಅದೇ ಊರಿನ ಮೋಮಿನಪುರದಲ್ಲಿ ಹುಟ್ಟಿ ಬೆಳೆದ ಡಾಕ್ಟರ್ ಮುಬಶ್ಶಿರಾ. ಮರೆವಿನ ರೋಗವನ್ನು ಹತ್ತು ವರ್ಷದಿಂದ ಅಧ್ಯಯನ ಮಾಡುತ್ತಿದ್ದವರು. ಪರದೆಯ ಮೇಲಿನ ಮಿದುಳು ಲಲಿತಾಬಾಯಿಗೆ ಹೂಕೋಸಿನ ಗಡ್ಡೆಯಂತೆ ಕಂಡಿತು. ಈ ಕ್ಷೇತ್ರಕ್ಕೆ ಬರಲು ವೈದ್ಯರೇ ಆಗಬೇಕಿಲ್ಲ, ಗಣಿತ ಬಲ್ಲವರಿಗೂ, ರೋಗಿಗಳಿಗೆ ಮಾತು ಕಲಿಸುವವರಿಗೂ ಕೆಲಸವಿದೆ ಎಂದು ಮೇಡಂ ಹೇಳಿದರು. ಹುಡುಗರು ಪ್ರವೇಶ ಪರೀಕ್ಷೆಯ ಬಗ್ಗೆ ಕೇಳಿದರು. ಇನ್ನು ಮುಗಿಸೋಣವೆಂದು ನಿರೂಪಕರು ಎದ್ದಾಗ ಲಲಿತಾಬಾಯಿಯೂ ಎದ್ದಳು.

"ಆಯಿ, ಕೂಡು" ಎಂದು ಅಂಜನಾ ಸೆರಗು ಜಗ್ಗಿದಳು.

"ಸುಮ್ಮನಿರು. ಅಮ್ಮಾರ, ನಂದೊಂದು ಮಾತದ."

ಆಕೆ ಎಲ್ಲವನ್ನೂ ಹೇಳಿದಳು. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಬಾಳೆಹಣ್ಣಿನ ಮಾತು ಬರುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

"ಹೆಂಡ್ತಿ ಹೆಸರೇ ಮರತವ್ರಿಗಿ ಲಿಂಗದ ನೆನಪು ಇದ್ದೀತೇನ್ರಿ? ಖರೇ ಹೇಳ್ರಿ. ನನಗ ಸಮಾಧಾನ ಬ್ಯಾಡ."

ಮುಬಶ್ಶಿರಾ ಮೇಡಂ ಇಂಗ್ಲಿಷ್ ಬಿಟ್ಟರು. "ಆಯಿ, ಖರೇ ಅಂದ್ರ ನನಗ ಪೂರಾ ಗೊತ್ತಿಲ್ಲ. ಆದ್ರ ಹೆಸರು, ಮುಖ ಉಳಿಯೋ ಜಾಗಾ ಬ್ಯಾರೆ. ದಿನಾ ಮಾಡಿ ಮಾಡಿ ಕೈ ಕಲ್ತದ್ದು ಉಳಿಯೋ ಜಾಗಾ ಬ್ಯಾರೆ. ಮೊದಲಿಂದು ಹಾಳಾದ್ರೂ ಎರಡನೇದು ಭಾಳ ದಿನ ಇರ್ತದ. ನಮ್ಮ ನಾನಿ, ಅಂದ್ರ ಅವ್ವನ ಅವ್ವ, ನನ್ನ ಮರತಿದ್ಳು, ಜಪದ ತಸಬಿ ಮಣಿ ಎಣಸೋದು ಮರತಿದ್ದಿಲ್ಲ. ನಿಮ್ಮವ್ರು ಲಿಂಗಾನೇ ಕೇಳಿರಬೇಕು."

"ಅಂದ್ರ ನಾ ತಪ್ಪು ಮಾಡೀನಿ."

"ಜೀವ ಉಳಸಾಕ ಮಾಡೀರಿ. ಕೈ ಏನು ಕೇಳ್ತದಂತ ನಿಮಗ ಹೇಳೋರು ಯಾರೂ ಇದ್ದಿಲ್ಲ. ಬಾಜೂಕ ಕುಂತು, ಪೂಜಾ ಮುಗಿಯೋ ತನಕ ಕೊಟ್ಟು, ಮತ್ತ ತಗೋಬಹುದಿತ್ತು." ಮೇಡಂ ಸಭೆಯ ಕಡೆ ತಿರುಗಿದರು. "ಇದನ್ನ ಊರೂರಿಗಿ ಹೋಗಿ, ಅಲ್ಲಿ ಮಂದಿ ಮಾತಿನ್ಯಾಗ ಕೇಳಿ ಬರೆಯೋರು ನಮಗ ಬೇಕಾಗ್ಯಾರ. ಇದೂ ಸಂಶೋಧನಾನೇ."

ಲಲಿತಾಬಾಯಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೋವು ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಆದರೆ ಇಷ್ಟು ದಿನ ಕತ್ತಲಲ್ಲಿ ಚುಚ್ಚುತ್ತಿದ್ದ ಮುಳ್ಳು ಈಗ ಕಣ್ಣಿಗೆ ಕಂಡಿತ್ತು. ಗಂಡನ ಕೈ ಕೊನೆಯವರೆಗೂ ಶಿವನನ್ನು ಮರೆಯಲಿಲ್ಲವೆಂಬುದೂ ಅದರ ಜೊತೆಗೇ ತಿಳಿಯಿತು. ಊರಿಗೆ ಮರಳುವ ಬಸ್ಸಿನಲ್ಲಿ ಆಕೆ ಮೊಮ್ಮಗಳ ಕಡೆ ತಿರುಗಿದಳು.

"ನಾಳೆ ಮಾನಮ್ಮನ ಮನಿಗಿ ಹೋಗಬೇಕು. ನೀನೂ ಬಾ, ಬರಿಯಾಕ ವಹಿ ತಗೊಂಡು ಬಾ."

ಅದೇ ಊರಿನ ಮಾನಮ್ಮನ ಗಂಡ ಗುಂಡಣ್ಣ ನಲವತ್ತು ವರ್ಷ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿದವನು. ಈಗ ಅವನಿಗೂ ಅದೇ ಮರೆವು. ದಿನವೆಲ್ಲ ಉಗುರಿನಿಂದ ಗೋಡೆ ಕೆರೆಯುತ್ತಿದ್ದ. ಮರುದಿನ ಅಜ್ಜಿ, ಮೊಮ್ಮಗಳು ಹೋದಾಗಲೂ ಕೆರೆಯುತ್ತಲೇ ಇದ್ದ.

"ಇವನ ಗ್ವಾಡಿ ಮೆತ್ತೋ ಥಾಪಿ ಎಲ್ಲಿಟ್ಟೀದಿ?" ಎಂದು ಲಲಿತಾಬಾಯಿ ಕೇಳಿದಳು.

"ಮುಚ್ಚಿಟ್ಟೀನ್ರಿ ಬಾಯಾರ. ಯಾರಿಗರ ಹೊಡದಾನು."

"ತಾ. ನಾವಿಬ್ರೂ ಬಾಜೂಕ ಕೂಡೋಣು. ಒಂದೀಟು ಮಣ್ಣೂ ಕಲಸು."

ಥಾಪಿ ಕೈಗೆ ಬಂದ ಮೇಲೆ ಗುಂಡಣ್ಣ ಅದನ್ನು ತಿರುಗಿಸಿ ನೋಡಿದ. ಆಮೇಲೆ ಮಣ್ಣು ಎತ್ತಿ, ತಾನೇ ಕೆರೆದ ತೂತಿಗೆ ಬಡಿದು, ಅಂಚು ಎಳೆದು ಸಾಪು ಮಾಡಿದ. ಕೈ ಒಮ್ಮೆಯೂ ತಡವರಿಸಲಿಲ್ಲ.

"ನನ್ನ ಹೆಸರು ಗೊತ್ತಿಲ್ಲ, ಗ್ವಾಡಿ ಗೊತ್ತದ ನೋಡ್ರಿ ಇವಂಗ!" ಎಂದು ಮಾನಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಅಂಜನಾ ದಿನ, ಹೊತ್ತು, ಕೈ ಮಾಡಿದ ಕೆಲಸ, ಒಂದೊಂದನ್ನೇ ಬರೆಯುತ್ತಿದ್ದಳು. ಗುಂಡಣ್ಣ ತಿರುಗಿ ಆಕೆಯನ್ನು ಗದರಿಸಿದ.

"ಏ ಹುಡುಗಿ, ಏನ್ ನೋಡ್ತಿ? ಮಣ್ಣು ಒಣಗಾಕತ್ತದ. ನೀರ್ ತಾ!"

ಅಂಜನಾ ವಹಿಯನ್ನು ಅಜ್ಜಿಯ ಮಡಿಲಲ್ಲಿಟ್ಟು ನೀರಿಗೆ ಓಡಿದಳು.